ಮನೆಯವರು ಮಂಕಾದಾಗ: ಖಿನ್ನತೆಗೂ ಚಿಕಿತ್ಸೆ ಇದೆ



ಹಸು ಒಂದು ಹೊತ್ತು ಮೇವು ಬಿಟ್ಟರೆ, ಮೆಲುಕು ನಿಲ್ಲಿಸಿದರೆ ನೀವು ಕೂಡಲೇ ನಮಗೆ ಫೋನ್ ಮಾಡುತ್ತೀರಿ. ಆದರೆ ಮನೆಯವರೊಬ್ಬರು ವಾರಗಟ್ಟಲೆ ಊಟ, ನಿದ್ದೆ, ಮಾತು ಬಿಟ್ಟರೂ 'ಸೋಮಾರಿತನ' ಎಂದೋ 'ಕಣ್ಣು ಬಿದ್ದಿದೆ' ಎಂದೋ ಸುಮ್ಮನಿದ್ದುಬಿಡುತ್ತೇವೆ. ನಾನು ಪಶುವೈದ್ಯೆ, ಮನೋವೈದ್ಯೆಯಲ್ಲ. ಆದರೂ ಚಿಕಿತ್ಸೆಗೆಂದು ಹೋದ ಮನೆಗಳಲ್ಲಿ ಇಂಥ ಮೌನವನ್ನು ಕಂಡಿದ್ದೇನೆ. ಆದ್ದರಿಂದ ಈ ವಿಷಯ ತಿಳಿಸುವುದು ಅಗತ್ಯವೆನಿಸಿತು.

ಗುರುತಿಸುವುದು ಹೇಗೆ?

ಸಾಲ, ಬೆಳೆ ನಷ್ಟ, ಕರೆಯುವ ಹಸುವಿನ ಸಾವು ಇವುಗಳಿಂದ ದುಃಖವಾಗುವುದು ಸಹಜ. ಆದರೆ ಎರಡು ವಾರ ಕಳೆದರೂ ಬೇಸರ ಹೋಗದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ–ಹಸಿವು ಕೆಟ್ಟು, ಸದಾ ಸುಸ್ತು, 'ನನ್ನಿಂದ ಏನೂ ಆಗದು' ಎಂಬ ಮಾತು ಕಂಡರೆ ಅದು ಖಿನ್ನತೆ ಇರಬಹುದು. ಗಂಡಸರಲ್ಲಿ ಇದು ಸಿಡುಕು, ಕುಡಿತದ ರೂಪದಲ್ಲಿಯೂ ಕಾಣಿಸುತ್ತದೆ. ಬಾಣಂತಿಗೆ ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಲೇಬೇಕು.

ಎಲ್ಲಿಗೆ ಹೋಗಬೇಕು?

• ಟೆಲಿ ಮನಸ್ ಸಹಾಯವಾಣಿ 14416. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆಯವರೇ ಮಾಡಬೇಕೆಂದಿಲ್ಲ, ಮನೆಯವರೂ ಕರೆ ಮಾಡಬಹುದು.
• ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.
• ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ.

ದೇವರಿಗೆ ಹರಕೆ ಹೊರುವುದಾದರೆ ಹೊರಿ, ಆದರೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ.

ಮಾತ್ರೆ ಮಧ್ಯದಲ್ಲಿ ಬಿಡಬೇಡಿ

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಗುಣವಾದ ಮೇಲೂ ವೈದ್ಯರು ಹಲವು ತಿಂಗಳು ಮುಂದುವರಿಸಲು ಹೇಳುತ್ತಾರೆ. ಕೆಚ್ಚಲು ಬಾವಿಗೆ ಚಿಕಿತ್ಸೆ ಅರ್ಧಕ್ಕೇ ನಿಲ್ಲಿಸಿದರೆ ಬಾವು ಮರಳುವುದು ನಿಮಗೆ ಗೊತ್ತು, ಇದೂ ಹಾಗೆಯೇ. ಈ ಮಾತ್ರೆಗಳು ಚಟ ಹಿಡಿಸುತ್ತವೆ ಎಂಬ ಭಯ ಬೇಡ. ನಿಲ್ಲಿಸುವುದಿದ್ದರೆ ವೈದ್ಯರು ಹೇಳಿದಂತೆ ನಿಧಾನವಾಗಿ ನಿಲ್ಲಿಸಿ.

ಕೊಟ್ಟಿಗೆಯ ಔಷಧಿ ಬೀಗದಲ್ಲಿರಲಿ

ಇದು ಬಹಳ ಮುಖ್ಯ. ಉಣ್ಣೆಗೆ ಸಿಂಪಡಿಸುವ ಔಷಧಿ, ಬೆಳೆಗೆ ಹೊಡೆಯುವ ಔಷಧಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ. ಉಳಿದದ್ದನ್ನು ಸೂರಿನಡಿ ಸಿಕ್ಕಿಸಿಡಬೇಡಿ. ಮನೆಯವರು ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳದೆ, 'ಹಾಗೆ ಅನಿಸುತ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸಿನ ಭಾರ ಇಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡದೆ 14416ಕ್ಕೆ ಕರೆ ಮಾಡಿ. ವಿಷ ಸೇವಿಸಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ, ಔಷಧಿಯ ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಕೇಸಾಗುತ್ತದೆಂದು ಹೆದರಿ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ.

ನಿಮ್ಮನ್ನೂ ನೋಡಿಕೊಳ್ಳಿ

ಗಂಡ ಹಾಸಿಗೆ ಹಿಡಿದರೆ ಹುಲ್ಲು, ಸಗಣಿ, ಹಾಲು, ಅಡುಗೆ ಎಲ್ಲವೂ ನಿಮ್ಮ ಮೇಲೆಯೇ ಬೀಳುತ್ತದೆ. ಒಂದಷ್ಟು ದಿನ ಡೇರಿಗೆ ಹಾಲು ಹಾಕಿಬರಲು ಪಕ್ಕದ ಮನೆಯವರನ್ನು ಕೇಳಿ, ಸಂಕೋಚ ಬೇಡ. ಮಕ್ಕಳಿಗೆ 'ಅಪ್ಪನಿಗೆ ಕಾಯಿಲೆ, ಆಸ್ಪತ್ರೆಗೆ ತೋರಿಸುತ್ತಿದ್ದೇವೆ, ಇದು ನಿಮ್ಮ ತಪ್ಪಲ್ಲ' ಎಂದು ಹೇಳಿ. ಮಂಕು ಕವಿದಿರುವುದು ನಿಮಗೇ ಆದರೆ ಮೊದಲ ಕರೆ ನಿಮ್ಮದೇ ಆಗಲಿ.

ಸಂಘದ ಕಾರ್ಯದರ್ಶಿಗಳು 14416 ಸಂಖ್ಯೆಯನ್ನು ಹಾಲು ಅಳೆಯುವ ಜಾಗದಲ್ಲಿ ದೊಡ್ಡದಾಗಿ ಬರೆಸಬೇಕೆಂದು ಕೋರುತ್ತೇನೆ. ನಾಲ್ಕು ದಿನದಿಂದ ಡೇರಿಗೆ ಬಾರದ ಸದಸ್ಯೆ ಇದ್ದರೆ, ಇವತ್ತೇ ಒಮ್ಮೆ ಆಕೆಯ ಮನೆಗೆ ಹೋಗಿ ಬನ್ನಿ.