ಸಾಲಿನ ತುದಿಯ ತಕರಾರು

ಟೈಪ್‌ರೈಟರ್ ಬಳಸಿದವರಿಗೆ ಗೊತ್ತು. ಸಾಲು ಮುಗಿಯುತ್ತ ಬಂದಂತೆ ಗಂಟೆ ಟಿಣ್ ಎನ್ನುತ್ತಿತ್ತು. ಎಡಗೈಯಿಂದ ಸನ್ನೆ ತಳ್ಳಿದರೆ ಕಾಗದ ಒಂದು ಸಾಲು ಮೇಲೇರಿ, ಕ್ಯಾರೇಜ್ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಕೈಗೆ ಒಂದೇ ಕೆಲಸ, ಯಂತ್ರಕ್ಕೆ ಎರಡು. ತಂತಿಯಲ್ಲಿ ಅಕ್ಷರ ಕಳಿಸುವ ಯಂತ್ರಗಳು ಬಂದಾಗ ಈ ಎರಡಕ್ಕೂ ಬೇರೆಬೇರೆ ಸಂಕೇತ ಬೇಕಾದವು: ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್. 1963ರ ಆಸ್ಕಿ ಎಂಬ ಅಕ್ಷರಸಂಕೇತಗಳ ಪಟ್ಟಿಯಲ್ಲಿ ಇವಕ್ಕೆ 13 ಮತ್ತು 10 ಎಂಬ ಸಂಖ್ಯೆಗಳು.

ಆ ಕಾಲದ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಅಚ್ಚೊತ್ತುತ್ತಿತ್ತು. ಬಲತುದಿಯಿಂದ ಎಡಕ್ಕೆ ಮರಳಲು ಅದರ ಅಚ್ಚಿನ ತಲೆಗೆ ಒಂದು ಅಕ್ಷರದಷ್ಟು ಸಮಯ ಸಾಲುತ್ತಿರಲಿಲ್ಲ. ಹಾಗಾಗಿ ಮೊದಲು ‘ಮರಳು’, ಆಮೇಲೆ ‘ಕಾಗದ ಸರಿಸು’. ಈ ಕ್ರಮ ತಪ್ಪಿದರೆ ಮುಂದಿನ ಸಾಲಿನ ಮೊದಲ ಅಕ್ಷರ ಕಾಗದದ ನಡುವೆಲ್ಲೋ ಬಿದ್ದಿರುತ್ತಿತ್ತು.

ಯಂತ್ರಗಳು ಮೂಲೆ ಸೇರಿದವು, ಜಗಳ ಉಳಿಯಿತು. ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಮಲ್ಟಿಕ್ಸ್ ಮತ್ತು ಅದರ ಹಿಂದೆ ಬಂದ ಯುನಿಕ್ಸ್‌ಗೆ ಲೈನ್ ಫೀಡ್ ಒಂದೇ ಸಾಕಾಯಿತು. ಎಂಎಸ್-ಡಾಸ್ ಎರಡನ್ನೂ ಉಳಿಸಿಕೊಂಡಿತು. ಹಳೆಯ ಮ್ಯಾಕಿಂಟೋಷ್ ಕ್ಯಾರೇಜ್ ರಿಟರ್ನ್ ಮಾತ್ರ ಇಟ್ಟುಕೊಂಡಿತು. ಯುನಿಕ್ಸ್ ಕಡತವನ್ನು ಸಾಲುಸಾಲಾಗಿ ತೋರಿಸಲು ವಿಂಡೋಸ್‌ನ ನೋಟ್‌ಪ್ಯಾಡ್‌ಗೆ 2018ರವರೆಗೆ ಬರುತ್ತಲೇ ಇರಲಿಲ್ಲ!

ಜಾಲದಲ್ಲಿ ಒಪ್ಪಂದ ಬೇಕಿತ್ತು. ಮನೆಯೊಳಗೆ ಏನಾದರೂ ಇಟ್ಟುಕೊಳ್ಳಿ, ತಂತಿಗೆ ಇಳಿಸುವಾಗ ಎರಡೂ ಸಂಕೇತ ಕಳಿಸಿ ಎಂದು ದೂರದ ಕಂಪ್ಯೂಟರಿನೊಡನೆ ಮಾತಾಡುವ ಟೆಲ್ನೆಟ್ ನಿಯಮಾವಳಿ ವಿಧಿಸಿತು. ಇಮೇಲ್ ರವಾನೆಗಾಗಿ ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ಅದನ್ನೇ ಹಿಡಿಯಿತು. ಮುಂದೆ ವೆಬ್‌ನ ಎಚ್‌ಟಿಟಿಪಿ ಕೂಡ.

ಎಸ್‌ಎಂಟಿಪಿಯಲ್ಲಿ ಪತ್ರ ಮುಗಿಯಿತೆಂದು ಹೇಳುವ ಬಗೆ ಸೊಗಸಾಗಿದೆ: ಬರೀ ಒಂದು ಚುಕ್ಕಿಯಿರುವ ಸಾಲು. ಪತ್ರದೊಳಗಿನ ಸಾಲೊಂದು ಚುಕ್ಕಿಯಿಂದ ಶುರುವಾದರೆ ಕಳಿಸುವ ಸರ್ವರ್ ಇನ್ನೊಂದು ಚುಕ್ಕಿ ಸೇರಿಸುತ್ತದೆ, ಪಡೆಯುವ ಸರ್ವರ್ ಅದನ್ನು ಕಿತ್ತುಹಾಕುತ್ತದೆ. ಚುಕ್ಕಿ ಸಾಲಿನಲ್ಲಿ ಒಂಟಿಯಾಗಿದೆಯೇ ಎಂದು ತಿಳಿಯಲು ಸಾಲು ಎಲ್ಲಿ ಮುಗಿಯುತ್ತದೆ ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತ ಇರಬೇಕು.

ಒಮ್ಮತ ಇರಲಿಲ್ಲ. ಕಳಿಸುವಾಗ ಕಟ್ಟುನಿಟ್ಟಾಗಿರು, ಪಡೆಯುವಾಗ ಉದಾರವಾಗಿರು ಎಂಬುದು ಪೋಸ್ಟೆಲ್ ಅವರೇ 1980ರಲ್ಲಿ ಹಾಕಿಕೊಟ್ಟ ನೀತಿ. ಅದನ್ನು ನಂಬಿ ಹಲವು ಸರ್ವರ್‌ಗಳು ಒಂಟಿ ಲೈನ್ ಫೀಡನ್ನೂ ಸಾಲಿನ ಕೊನೆಯೆಂದು ಒಪ್ಪಿದವು. ಆದರೆ ಪ್ರತಿಯೊಬ್ಬರ ಔದಾರ್ಯದ ಅಳತೆ ಬೇರೆ. 2008ರ ಪರಿಷ್ಕೃತ ನಿಯಮ ಒಂಟಿ ಸಂಕೇತಗಳನ್ನು ಕಳಿಸಕೂಡದೆಂದಿತು, ಕೇಳಿದವರು ಕಡಿಮೆ.

2023ರ ಡಿಸೆಂಬರ್‌ನಲ್ಲಿ ಸೆಕ್ ಕನ್ಸಲ್ಟ್ ಸಂಸ್ಥೆಯ ಟಿಮೊ ಲಾಂಗಿನ್ ಈ ಬಿರುಕನ್ನು ಬಯಲು ಮಾಡಿದರು. ಪತ್ರದ ನಡುವೆ ಒಂಟಿ ಲೈನ್ ಫೀಡಿನ ಜೊತೆ ಚುಕ್ಕಿಯಿಟ್ಟರೆ, ಕಳಿಸುವ ಸರ್ವರಿಗೆ ಅದು ಬರೀ ಪಠ್ಯ, ಪಡೆಯುವ ಸರ್ವರಿಗೆ ಪತ್ರದ ಮುಕ್ತಾಯ. ನಂತರದ ಸಾಲುಗಳನ್ನು ಅದು ಹೊಸ ಪತ್ರದ ಆದೇಶಗಳೆಂದು ಓದುತ್ತದೆ. ಆ ಎರಡನೆಯ ಪತ್ರಕ್ಕೆ ಕಳಿಸಿದವರದೆಂದು ಬೇರೆಯವರ ವಿಳಾಸ ಹಾಕಬಹುದು; ಬಂದದ್ದು ನಂಬಿಕಸ್ಥ ಸರ್ವರಿನಿಂದಲೇ ಆದ್ದರಿಂದ ತಪಾಸಣೆಯನ್ನೂ ದಾಟಬಹುದು. ಪೋಸ್ಟ್‌ಫಿಕ್ಸ್, ಸೆಂಡ್‌ಮೇಲ್, ಎಕ್ಸಿಮ್ ಎಂಬ ಮೂರೂ ಮೇಲ್ ಸರ್ವರ್ ತಂತ್ರಾಂಶಗಳಿಗೆ ತೇಪೆ ಹಾಕಬೇಕಾಯಿತು.

ಎರಡು ಸಂಕೇತ ಇದ್ದದ್ದು ಇಲ್ಲಿ ತಪ್ಪಲ್ಲ, ಕೇಳಿದ್ದಕ್ಕೆಲ್ಲ ಹೂಂ ಅಂದದ್ದು ತಪ್ಪು. 2015ರ ಎಚ್‌ಟಿಟಿಪಿ/2 ಸಾಲುಗಳ ಗೊಡವೆಯನ್ನೇ ಬಿಟ್ಟು ಉದ್ದ ನಮೂದಿಸಿದ ತುಣುಕುಗಳಿಗೆ ಹೊರಳಿದೆ. ಇಮೇಲ್ ಇನ್ನೂ ಹಳೆಯ ಹಾದಿಯಲ್ಲೇ ಇದೆ. ಮೇಲ್ ಸರ್ವರ್ ನಡೆಸುವವರು ಅದು ಒಂಟಿ ಲೈನ್ ಫೀಡನ್ನು ಹೇಗೆ ನೋಡುತ್ತದೆಂದು ಒಮ್ಮೆ ಪರೀಕ್ಷಿಸಿಕೊಳ್ಳಲಿ.