ಗೌರಿ ಸೊರ ಬಿಟ್ಟ ಬೆಳಗು

ಬೆಳಗಿನ ಜಾವ. ಕೊಟ್ಟಿಗೆಯ ಬಲ್ಬಿನ ಹಳದಿ ಬೆಳಕಿನಲ್ಲಿ ಗೌರಿ ಒಂದು ಕಡೆ ನಿಲ್ಲಲಾರದೆ ಕಾಲು ಬದಲಿಸುತ್ತಿದ್ದಾಳೆ. ಚೊಚ್ಚಲ ಗಬ್ಬ. ದಿನ ತುಂಬಿವೆ. ಚಿಕ್ಕಮ್ಮ ಬಗ್ಗಿ ಕೆಚ್ಚಲಿಗೆ ಅಂಗೈ ಆನಿಸುತ್ತಾರೆ. ಚರ್ಮ ಬಿಗಿದು ಮಿರಿಮಿರಿ ಮಿನುಗುತ್ತಿದೆ. ನಾಲ್ಕೂ ತೊಟ್ಟು ಉಬ್ಬಿವೆ. “ಕೆಚ್ಚಲು ಇಳಿಬಿಟ್ಟವ್ಳೆ, ಇವತ್ತು ಮೀರಲ್ಲ ಕಣಪ್ಪ.”

ಕರುವಾಗಿದ್ದಾಗ ಇದೇ ಜಾಗದಲ್ಲಿ ಇದ್ದದ್ದು ನಾಲ್ಕು ಪುಟ್ಟ ಮೊಗ್ಗು ಮಾತ್ರ. ಕಡಸಾಗಿ ಬೆದೆಗೆ ಬರತೊಡಗಿದ ಮೇಲೆ, ಸುಮಾರು 21 ದಿನಕ್ಕೊಮ್ಮೆ ಅಂಡಾಶಯದ ಈಸ್ಟ್ರೋಜನ್ ರಕ್ತದಲ್ಲಿ ಏರಿ ಇಳಿಯಿತು. ಕೆಚ್ಚಲಿನ ಕೊಬ್ಬಿನೊಳಗೆ ಹಾಲಿನ ನಾಳಗಳು ಹಸಿ ಮಣ್ಣಿನಲ್ಲಿ ಬೇರು ಹರಿದಂತೆ ಹರಿದವು. ಗಬ್ಬ ನಿಂತ ಮೇಲೆ ಅಂಡಾಶಯದ ಹಳದಿಕಾಯದಿಂದ ಪ್ರೊಜೆಸ್ಟರಾನ್ ಬಿಡುವಿಲ್ಲದೆ ಹರಿಯಿತು. ನಾಳಗಳ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಹಾಲಿನ ಕೋಶಗಳು ಮೂಡಿದವು. ಒಂದೊಂದೂ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು.

ಆದರೆ ಇದು ಅಂಡಾಶಯ ಒಂದರಿಂದಲೇ ಆಗುವ ಕೆಲಸವಲ್ಲ. ಮಿದುಳಿನ ಅಡಿಯಲ್ಲಿ, ಎಲುಬಿನ ಗುಳಿಯೊಳಗೆ ಪಿಟ್ಯುಟರಿ ಗ್ರಂಥಿ ಕೂತಿದೆ. ಅಂಡಾಶಯವನ್ನು ಎಬ್ಬಿಸುವುದೂ ಅದೇ, ಪ್ರೊಲ್ಯಾಕ್ಟಿನ್ ಮತ್ತು ಬೆಳವಣಿಗೆಯ ಹಾರ್ಮೋನು ಕಳಿಸುವುದೂ ಅದೇ. 1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಲಯನ್ಸ್ ಮತ್ತು ಸಂಗಡಿಗರು ಇಲಿಗಳ ಪಿಟ್ಯುಟರಿ, ಅಂಡಾಶಯ, ಅಡ್ರಿನಲ್ ಗ್ರಂಥಿಗಳನ್ನು ತೆಗೆದು ನೋಡಿದರು. ಈ ಗ್ರಂಥಿಗಳ ಹಾರ್ಮೋನುಗಳನ್ನು ಜೊತೆಗೂಡಿಸಿ ಕೊಟ್ಟಾಗಲೇ ಹಾಲಿನ ಕೋಶಗಳು ಪೂರ್ತಿ ಅರಳಿದವು.

ಇಷ್ಟೆಲ್ಲ ಸಿದ್ಧವಾಗಿದ್ದರೂ ಗೌರಿಯ ಹಾಲು ಇಷ್ಟು ದಿನ ಇಳಿಯಲಿಲ್ಲ. ಕೋಶಗಳನ್ನು ಬೆಳೆಸಿದ ಪ್ರೊಜೆಸ್ಟರಾನೇ ಹಾಲಿಗೆ ತಡೆಯಾಗಿತ್ತು. ಈಗ ಕರು ಹಾಕುವ ಹೊತ್ತಿಗೆ ಅದು ಕುಸಿಯಿತು, ಪ್ರೊಲ್ಯಾಕ್ಟಿನ್ ಏರಿತು, ಕಟ್ಟೆ ಒಡೆಯಿತು.

ಬಿಸಿಲು ಮೂಡುವಷ್ಟರಲ್ಲಿ ಕರು ನೆಲಕ್ಕೆ ಬಿತ್ತು. ಗೌರಿ ಅದರ ಮೈಯನ್ನೆಲ್ಲ ನೆಕ್ಕಿದಳು. ಎದ್ದು, ಬಿದ್ದು, ಮತ್ತೆ ಎದ್ದ ಕರು ಕೆಚ್ಚಲು ಹುಡುಕಿ ಮೂತಿಯಿಂದ ಗುದ್ದಿತು. ತೊಟ್ಟಿನ ನರಗಳಿಂದ ಸುದ್ದಿ ಮಿದುಳು ಮುಟ್ಟಿತು. ಪಿಟ್ಯುಟರಿಯ ಹಿಂಭಾಗದಿಂದ ಆಕ್ಸಿಟೋಸಿನ್ ಹೊರಟು, ನಿಮಿಷದೊಳಗೆ ರಕ್ತದಲ್ಲಿ ಕೆಚ್ಚಲಿಗೆ ಬಂತು. ಕೋಶಗಳ ಸುತ್ತ ಹೆಣೆದ ಸ್ನಾಯುಕಣಗಳು ಹಿಂಡಿದವು. ನಮ್ಮೂರ ಮಾತಿನಲ್ಲಿ, ಗೌರಿ ಸೊರ ಬಿಟ್ಟಳು.

ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳಿ ಚಿಕ್ಕಮ್ಮ ಬಾಯಿಗೆ ಬೆರಳಿಟ್ಟರು. ಹಸು ಬೆದರಿದರೆ ಅಡ್ರಿನಲಿನ್ ಉಕ್ಕಿ ಇಳಿಯುವ ಹಾಲು ಅಲ್ಲೇ ನಿಲ್ಲುತ್ತದೆ. ಅವರಿಗೆ ಆ ಹೆಸರು ತಿಳಿಯದು, ಹಸುವಿನ ಮನಸ್ಸು ತಿಳಿದಿದೆ.

ಕರು ಹೊಟ್ಟೆ ತುಂಬ ಕುಡಿದ ಮೇಲೆ ಅವರು ಚೊಂಬು ಹಿಡಿದು ಕೂತರು. ಹೆಬ್ಬೆರಳು ಜಾರಿತು. ಮೊದಲ ಸೆಳಕು ಚೊಂಬಿನ ತಳಕ್ಕೆ ಬಿತ್ತು. ಗಟ್ಟಿ, ಅರಿಶಿನ ಬಣ್ಣದ ಗಿಣ್ಣು ಹಾಲು. ಕಡಸಿನ ಕಾಲದಿಂದ ಗೌರಿಯ ಮೈ ಒಳಗೊಳಗೇ ಕಟ್ಟಿಕೊಂಡು ಬಂದದ್ದು ಆ ಚೊಂಬಿನಲ್ಲಿ ನೊರೆಯಾಗಿ ಏರುತ್ತಿತ್ತು.