ಕೇಳಿ: ಹಳೇ ಲ್ಯಾಪ್‌ಟಾಪ್‌ನಲ್ಲಿ ಮನೆತನದ ವಂಶವೃಕ್ಷ – ಲಿನಕ್ಸ್‌ನಲ್ಲಿ ಗ್ರ್ಯಾಂಪ್ಸ್ ಹಾಕೋದು ಹೇಗೆ?

ಇವತ್ತು ಸಾಫ್ಟ್‌ವೇರ್ ಬಗ್ಗೆ ಮಾತಾಡ್ತೀವಿ. ಆದ್ರೆ ಅದಕ್ಕೂ ಮುಂಚೆ ಶಿಕಾರಿಪುರ ತಾಲೂಕಿನ ತಾಳಗುಂದಕ್ಕೆ ಹೋಗಿ ಬರೋಣ. ಶಿರಾಳಕೊಪ್ಪದಿಂದ ಹತ್ತಿರ. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ. ಐದನೇ ಶತಮಾನದ್ದು, ಸಂಸ್ಕೃತದಲ್ಲಿ ಕೆತ್ತಿದ್ದು, ಬರೆದ ಕವಿಯ ಹೆಸರು ಕುಬ್ಜ. ಸ್ಕೂಲಲ್ಲಿ ಕದಂಬರ ಪಾಠ ಓದಿದವರಿಗೆಲ್ಲ ಈ ಶಾಸನದ ಹೆಸರು ಗೊತ್ತಿರುತ್ತೆ. ಅದರಲ್ಲಿ ಇರೋದು ಮುಖ್ಯವಾಗಿ ಒಂದು ಮನೆತನದ ಕಥೆ. ಮಯೂರಶರ್ಮ, ಅವನ ಮಗ ಕಂಗವರ್ಮ, ಅವನ ಮಗ ಭಗೀರಥ, ಭಗೀರಥನ ಮಕ್ಕಳು ರಘು ಮತ್ತು ಕಾಕುಸ್ಥವರ್ಮ, ಕಾಕುಸ್ಥನ ಮಗ ಶಾಂತಿವರ್ಮ. ಐದು ತಲೆಮಾರು, ಒಂದೇ ಕಂಬದ ಮೇಲೆ.

ಈಗ ಒಂದು ವಿಷಯ ಗಮನಿಸಿ. ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನ ಗುಪ್ತರು ಮತ್ತು ಬೇರೆ ರಾಜಮನೆತನಗಳಿಗೆ ಕೊಟ್ಟ ಅಂತ ಅದೇ ಶಾಸನ ಹೆಮ್ಮೆಯಿಂದ ಹೇಳುತ್ತೆ. ಆ ಹೆಣ್ಣುಮಕ್ಕಳ ಹೆಸರು? ಇಲ್ಲ. ಒಬ್ಬಳದ್ದೂ ಇಲ್ಲ.

ಇದು ಸಾವಿರದೈನೂರು ವರ್ಷದ ಹಿಂದಿನ ಮಾತು ಅಂತ ಬಿಟ್ಟುಬಿಡಬಹುದಿತ್ತು. ಆದ್ರೆ ಇವತ್ತು ಸೊರಬದಲ್ಲೋ ಶಿಕಾರಿಪುರದಲ್ಲೋ ಯಾವುದಾದರೂ ಮನೇಲಿ ಹಳೇ ವಂಶಾವಳಿ ಕಾಗದ ತೆಗೆಸಿ ನೋಡಿ. ಅಜ್ಜ, ಅಜ್ಜನ ಅಣ್ಣತಮ್ಮಂದಿರು, ಅವರ ಗಂಡುಮಕ್ಕಳು ಎಲ್ಲ ಸಾಲಾಗಿ ಇರ್ತಾರೆ. ಅತ್ತೆಯಂದಿರು ಎಲ್ಲಿ? ಕೊಟ್ಟ ಮನೆಗೆ ಹೋದರು, ಕಾಗದದಿಂದಲೂ ಹೋದರು.

ಇದರ ಪರಿಣಾಮ ಬರೀ ಭಾವನೆಗೆ ಸಂಬಂಧಪಟ್ಟದ್ದಲ್ಲ. ಅಜ್ಜ ತೀರಿಕೊಂಡ ಮೇಲೆ ಜಮೀನು ವಾರಸುದಾರರ ಹೆಸರಿಗೆ ಬರಬೇಕು ಅಂದ್ರೆ ಪೌತಿ ಖಾತೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ ಹಾಕ್ತೀರಿ, ಊರಲ್ಲಿ ವಿಚಾರಣೆ ಆಗುತ್ತೆ, ಯಾರ್ಯಾರು ಮಕ್ಕಳು ಅಂತ ಕೇಳ್ತಾರೆ. ಹಿಂದೂ ಕುಟುಂಬಗಳ ಮಟ್ಟಿಗೆ ಹೇಳೋದಾದರೆ, 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿಬಿಟ್ಟಿದೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿ ಆಗಿ ಮುಗಿದುಹೋದ ಪಾಲು ಮಾತ್ರ ಬೇರೆ ಮಾತು. ಅಂದಮೇಲೆ ವಂಶವೃಕ್ಷದಲ್ಲಿ ಒಂದು ಹೆಸರು ಬಿಟ್ಟುಹೋಯ್ತು ಅಂದ್ರೆ ಅದು ಮರೆವಾಗಿ ಉಳಿಯಲ್ಲ. ಮುಂದೆ ಒಂದು ದಿನ ಅದೇ ತಕರಾರು, ಅದೇ ದಾವೆ.

ಸರಿ, ಹಾಗಾದ್ರೆ ಮನೆತನದ ಲೆಕ್ಕ ನಾವೇ ಸರಿಯಾಗಿ ಬರೆದಿಟ್ಟುಕೊಳ್ಳೋಕೆ ಏನು ಬಳಸಬೇಕು? ನನ್ನ ಉತ್ತರ ಗ್ರ್ಯಾಂಪ್ಸ್. 2001ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ಪೈಥಾನ್‌ನಲ್ಲಿ ಬರೆದದ್ದು, ದುಡ್ಡು ಕೊಡೋ ಹಾಗಿಲ್ಲ. ಮುಖ್ಯವಾಗಿ, ನೀವು ಬರೆದದ್ದು ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತೆ. ಆನ್‌ಲೈನ್ ವಂಶವೃಕ್ಷ ಆ್ಯಪ್‌ಗಳಿಗೆ ಮನೆಯವರ ಹೆಸರು, ಹುಟ್ಟಿದ ದಿನ, ತಾಯಿಯ ತವರು ಎಲ್ಲ ಹಾಕೋ ಮುಂಚೆ ಒಂದ್ಸಲ ಯೋಚನೆ ಮಾಡಿ. ಬ್ಯಾಂಕ್‌ನವರು ಫೋನಲ್ಲಿ ಕೇಳೋ ಭದ್ರತಾ ಪ್ರಶ್ನೆಗಳು ಇವೇ ಅಲ್ವಾ?

ಗ್ರ್ಯಾಂಪ್ಸ್ ವಿಂಡೋಸ್‌ನಲ್ಲೂ ಓಡುತ್ತೆ. ನಾನು ಲಿನಕ್ಸ್ ಅಂತಿರೋದಕ್ಕೆ ಕಾರಣ ಇದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹನ್ನೊಂದಕ್ಕೆ ಹೋಗೋಕೆ ಆಗದ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೇಲಿ ಬೀರು ಮೇಲೆ ಕೂತಿವೆ. ನಾಲ್ಕು ಜಿಬಿ ರ‍್ಯಾಮ್ ಇದ್ರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಓಡುತ್ತೆ, ಗ್ರ್ಯಾಂಪ್ಸ್ ಕೂಡ.

ಇನ್‌ಸ್ಟಾಲ್ ಮಾಡೋದು ಐದು ನಿಮಿಷದ ಕೆಲಸ. ಮಿಂಟ್ ಇದ್ರೆ ಸಾಫ್ಟ್‌ವೇರ್ ಮ್ಯಾನೇಜರ್ ತೆಗೆದು ಗ್ರ್ಯಾಂಪ್ಸ್ ಅಂತ ಹುಡುಕಿ: ಜಿ, ಆರ್, ಎ, ಎಂ, ಪಿ, ಎಸ್. ಎರಡು ಬಗೆ ಕಾಣಬಹುದು, ಸಿಸ್ಟಂ ಪ್ಯಾಕೇಜ್ ಒಂದು, ಫ್ಲ್ಯಾಟ್‌ಪ್ಯಾಕ್ ಇನ್ನೊಂದು. ಸಿಸ್ಟಂ ಪ್ಯಾಕೇಜ್ ಸಾಮಾನ್ಯವಾಗಿ ಒಂದೆರಡು ಆವೃತ್ತಿ ಹಳೇದು, ಡೌನ್‌ಲೋಡ್ ಚಿಕ್ಕದು. ಫ್ಲ್ಯಾಟ್‌ಪ್ಯಾಕ್ ಹೊಸದು, ಆದ್ರೆ ಡೇಟಾ ಜಾಸ್ತಿ ತಿನ್ನುತ್ತೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡ್ತಿದ್ರೆ ಸಿಸ್ಟಂ ಪ್ಯಾಕೇಜೇ ಸಾಕು.

ಉಬುಂಟು ಅಥವಾ ಡೆಬಿಯನ್ ಇದ್ರೆ ಟರ್ಮಿನಲ್ ಸುಲಭ. ಅದನ್ನ ತೆರೆಯಿರಿ, ಉಬುಂಟು ಆದ್ರೆ ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ. ಕಪ್ಪು ಕಿಟಕಿ ಬರುತ್ತೆ, ಹೆದರಬೇಡಿ. ಅಲ್ಲಿ ಮೂರು ಪದ, ಆಮೇಲೆ ತಂತ್ರಾಂಶದ ಹೆಸರು: ಸುಡೊ, ಅಂದ್ರೆ ಎಸ್, ಯು, ಡಿ, ಓ. ಸ್ಪೇಸ್. ಆಪ್ಟ್, ಎ, ಪಿ, ಟಿ. ಸ್ಪೇಸ್. ಇನ್‌ಸ್ಟಾಲ್. ಸ್ಪೇಸ್. ಗ್ರ್ಯಾಂಪ್ಸ್. ಎಲ್ಲ ಸಣ್ಣಕ್ಷರ. ಎಂಟರ್ ಒತ್ತಿದ್ರೆ ಪಾಸ್‌ವರ್ಡ್ ಕೇಳುತ್ತೆ, ಟೈಪ್ ಮಾಡೋವಾಗ ಪರದೆ ಮೇಲೆ ಒಂದು ಚುಕ್ಕಿ ಕೂಡ ಕಾಣದೇ ಇರಬಹುದು. ಕೀಬೋರ್ಡ್ ಕೆಟ್ಟಿಲ್ಲ, ಅದು ಇರೋದೇ ಹಾಗೆ. ಹೀಗೇ ಗ್ರಾಫ್‌ವಿಜ್ ಅನ್ನೋದನ್ನೂ ಹಾಕಿಕೊಳ್ಳಿ, ಸಂಬಂಧದ ಚಿತ್ರ ಬರೆಯೋಕೆ ಗ್ರ್ಯಾಂಪ್ಸ್‌ಗೆ ಅದು ಬೇಕು.

ಕನ್ನಡ? ಮೆನುಗಳನ್ನ ಇಂಗ್ಲಿಷ್‌ನಲ್ಲೇ ಇಟ್ಟುಕೊಂಡು, ಹೆಸರು, ಊರು, ಟಿಪ್ಪಣಿ ಎಲ್ಲ ಕನ್ನಡದಲ್ಲಿ ಬರೀಬಹುದು. ಅಕ್ಷರದ ಬದಲು ಚೌಕ ಕಂಡ್ರೆ ಫಾಂಟ್ ಇಲ್ಲ ಅಂತ ಅರ್ಥ. ಅದೇ ಆಪ್ಟ್ ಇನ್‌ಸ್ಟಾಲ್ ಆದಮೇಲೆ ಫಾಂಟ್ಸ್, ಹೈಫನ್, ಕೆ, ಎನ್, ಡಿ, ಎ ಅಂತ ಹಾಕಿ. ಟೈಪಿಂಗ್‌ಗೆ ಐಬಸ್ ಮತ್ತು ಅದರ ಎಂ17ಎನ್ ಹಾಕಿಕೊಂಡ್ರೆ ಕೆಜಿಪಿ ಕೀಲಿಮಣೆ ಸಿಗುತ್ತೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಸುಖ. ಒಂದು ಎಚ್ಚರಿಕೆ: ಯಾರೋ ದೊಡ್ಡಪ್ಪ ಹದಿನೈದು ವರ್ಷದ ಹಿಂದೆ ಡಿಟಿಪಿ ಅಂಗಡೀಲಿ ಮಾಡಿಸಿದ ವಂಶಾವಳಿ ಫೈಲ್ ಇದ್ರೆ, ಅದು ಹಳೇ ಆಸ್ಕಿ ಫಾಂಟ್‌ನಲ್ಲಿರಬಹುದು. ನೇರವಾಗಿ ಅಂಟಿಸಿದ್ರೆ ಗಜಿಬಿಜಿ ಅಕ್ಷರ ಬರುತ್ತೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಈಗ ತೆರೆಯಿರಿ. ಹೊಸ ಫ್ಯಾಮಿಲಿ ಟ್ರೀ ಮಾಡಿ, ಹೆಸರು ಕೊಡಿ. ಇಲ್ಲಿ ಸೇವ್ ಬಟನ್ ಹುಡುಕಬೇಡಿ, ಓಕೆ ಒತ್ತಿದಾಗಲೇ ಬರೆದದ್ದು ಉಳಿಯುತ್ತೆ. ಮೊದಲು ನಿಮ್ಮನ್ನೇ ಸೇರಿಸಿ, ಆಮೇಲೆ ಅಪ್ಪ ಅಮ್ಮ.

ಎರಡನೇ ನಿಮಿಷದಲ್ಲೇ ತಕರಾರು ಶುರುವಾಗುತ್ತೆ: ಸರ್‌ನೇಮ್ ಏನು ಅಂತ ಕೇಳುತ್ತೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಗ್ರ್ಯಾಂಪ್ಸ್‌ನಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಸರ್‌ನೇಮ್ ಕೊಡಬಹುದು, ಪ್ರತಿಯೊಂದೂ ಎಲ್ಲಿಂದ ಬಂತು ಅಂತ ಗುರುತಿಸಬಹುದು. ಊರಿಂದ ಬಂದದ್ದಾದರೆ ಲೊಕೇಶನ್, ಅಪ್ಪನಿಂದ ಬಂದದ್ದಾದರೆ ಪ್ಯಾಟ್ರನಿಮಿಕ್. ಮದುವೆಯಾದ ಮೇಲೆ ಹೆಸರು ಬದಲಾಯಿಸಿದ್ರೆ ಹುಟ್ಟಿದ ಹೆಸರನ್ನ ಅಳಿಸಬೇಡಿ. ಅದನ್ನ ಬರ್ತ್ ನೇಮ್ ಅಂತಲೇ ಬಿಟ್ಟು, ಹೊಸದನ್ನ ಪರ್ಯಾಯ ಹೆಸರಾಗಿ ಮ್ಯಾರೀಡ್ ನೇಮ್ ಅಂತ ಸೇರಿಸಿ. ಗಂಡನ ಮನೇಲಿ ಹೆಸರೇ ಬದಲಾಯಿಸಿದ ಅಜ್ಜಿಯಂದಿರು ನಮ್ಮಲ್ಲಿ ಕಮ್ಮಿ ಇಲ್ಲ. ತವರಿನ ಪಹಣಿಯಲ್ಲಿ ಒಂದು ಹೆಸರು, ವೋಟರ್ ಐಡಿಯಲ್ಲಿ ಇನ್ನೊಂದು. ಎರಡೂ ಒಬ್ಬರೇ ಅಂತ ತೋರಿಸೋ ಜಾಗ ಇದು.

ಮುಂದಿನ ಸಮಸ್ಯೆ ಇನ್ನೂ ಸ್ವಾರಸ್ಯದ್ದು. ಅಜ್ಜನಿಗೆ ಅಕ್ಕನ ಮಗಳನ್ನೇ ತಂದಿದ್ದಾರೆ ಅಂತಿಟ್ಟುಕೊಳ್ಳಿ. ಆಗ ಒಬ್ಬರೇ ಮರದಲ್ಲಿ ಎರಡು ಕಡೆ ಬರ್ತಾರೆ: ನಿಮ್ಮ ಅಜ್ಜನ ಅಕ್ಕ ನಿಮಗೆ ಮುತ್ತಜ್ಜಿಯೂ ಹೌದು. ಹಾಳೆ ಮೇಲೆ ಬರೆದ್ರೆ ಗೆರೆಗೆ ಗೆರೆ ಸಿಕ್ಕಿಕೊಳ್ಳುತ್ತೆ. ಗ್ರ್ಯಾಂಪ್ಸ್‌ನಲ್ಲಿ ವ್ಯಕ್ತಿ ಬೇರೆ ದಾಖಲೆ, ಕುಟುಂಬ ಬೇರೆ ದಾಖಲೆ, ಹಾಗಾಗಿ ಒಬ್ಬರನ್ನ ಒಂದೇ ಸಲ ಬರೆದು ಎರಡು ಕುಟುಂಬಕ್ಕೆ ಜೋಡಿಸಬಹುದು. ಪ್ಲಸ್ ಗುರುತು ಒತ್ತಿ ಮತ್ತೆ ಹೊಸಬರನ್ನ ಮಾಡಬೇಡಿ, ಈಗಾಗಲೇ ಇರೋರನ್ನ ಆರಿಸೋ ಬಟನ್ ಪಕ್ಕದಲ್ಲೇ ಇದೆ. ಎರಡೆರಡು ಆಗಿಹೋಗಿದ್ರೆ ಮರ್ಜ್ ಮಾಡಬಹುದು. ಅಂದಹಾಗೆ ಅದರ ರಿಲೇಶನ್‌ಶಿಪ್ ಕ್ಯಾಲ್ಕುಲೇಟರ್ ನಂಬಿ ಕೂರಬೇಡಿ. ಚಿಕ್ಕಪ್ಪನ ಮಗನೂ ಅದಕ್ಕೆ ಕಸಿನ್, ಸೋದರಮಾವನ ಮಗನೂ ಕಸಿನ್. ನಮ್ಮಲ್ಲಿ ಒಬ್ಬ ಅಣ್ಣ, ಇನ್ನೊಬ್ಬ ಭಾವ! ಇಂಗ್ಲಿಷ್‌ನ ಬಡತನಕ್ಕೆ ಸಾಫ್ಟ್‌ವೇರ್ ಏನು ಮಾಡುತ್ತೆ ಪಾಪ.

ತಾರೀಖಿಗೆ ಬನ್ನಿ. ಅಜ್ಜಿಗೆ ಹುಟ್ಟಿದ ದಿನ ಗೊತ್ತಿರಲ್ಲ, ಸಂವತ್ಸರ ಗೊತ್ತಿರಬಹುದು. ವಿಶ್ವಾವಸು ಅಂದ್ರು ಅನ್ಕೊಳ್ಳಿ. ಅರವತ್ತು ವರ್ಷಕ್ಕೊಮ್ಮೆ ಬರೋ ಹೆಸರು ಅದು: 2025-26, ಅದಕ್ಕೂ ಮುಂಚೆ 1965-66, ಅದಕ್ಕೂ ಮುಂಚೆ 1905-06. ಯಾವುದು ಅಂತ ಅವರ ವಯಸ್ಸು ನೋಡಿ ನೀವೇ ತೀರ್ಮಾನಿಸಬೇಕು. ಗ್ರ್ಯಾಂಪ್ಸ್‌ನ ಕ್ಯಾಲೆಂಡರ್ ಪಟ್ಟೀಲಿ ಹೀಬ್ರೂ ಇದೆ, ಪರ್ಷಿಯನ್ ಇದೆ, ಫ್ರೆಂಚ್ ಕ್ರಾಂತಿಯದ್ದೂ ಇದೆ, ಶಾಲಿವಾಹನ ಶಕ ಇಲ್ಲ. ಶಕ ವರ್ಷಕ್ಕೆ 78 ಕೂಡಿಸಿ ಇಸವಿ ಹಾಕಿ, ಮೂಲದಲ್ಲಿ ಹೇಗಿತ್ತೋ ಹಾಗೆ ಟಿಪ್ಪಣಿಯಲ್ಲಿ ಬರೆದಿಡಿ. ಖಚಿತ ಇಲ್ಲದಿದ್ರೆ ಸುಮಾರು, ಮುಂಚೆ, ನಂತರ, ಇಂಥ ವರ್ಷದಿಂದ ಇಂಥ ವರ್ಷದ ನಡುವೆ ಅಂತೆಲ್ಲ ಹಾಕೋ ವ್ಯವಸ್ಥೆ ಇದೆ. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಬರೆದ ಜೂನ್ 1ನ್ನ ನಿಜವಾದ ಜನ್ಮದಿನ ಅಂತ ಹಾಕಬೇಡಿ. ಅದು ಶಾಲಾ ದಾಖಲೆಯ ದಿನಾಂಕ ಅಷ್ಟೇ.

ಜಾಗದ ವಿಚಾರ ನಮ್ಮ ಎರಡು ತಾಲೂಕಿಗೆ ವಿಶೇಷವಾಗಿ ಮುಖ್ಯ, ಅದಕ್ಕೆ ಸ್ವಲ್ಪ ನಿಲ್ಲೋಣ. ಸೊರಬದವರಿಗೆ ಬನವಾಸಿ ಕಡೆ ನಂಟು, ಶಿಕಾರಿಪುರದವರಿಗೆ ಹಿರೇಕೆರೂರು ಕಡೆ ನಂಟು. ಬಸ್ಸಲ್ಲಿ ಹೋದ್ರೆ ಬೇಗ ಸಿಗೋ ಊರುಗಳು. ಆದ್ರೆ 1956ರ ನವೆಂಬರ್ 1ಕ್ಕಿಂತ ಮುಂಚೆ ಸೊರಬ, ಶಿಕಾರಿಪುರ ಎರಡೂ ಮೈಸೂರಿಗೆ ಸೇರಿದ್ದವು. ಬನವಾಸಿ ಇದ್ದ ಉತ್ತರ ಕನ್ನಡವೂ, ಹಿರೇಕೆರೂರು ಇದ್ದ ಧಾರವಾಡ ಜಿಲ್ಲೆಯೂ ಮುಂಬೈ ಕಡೆಗೆ ಸೇರಿದ್ದವು. ಅಂದ್ರೆ ಅಜ್ಜಿಯ ಮದುವೆ ದಿಬ್ಬಣ ಒಂದು ಗಡಿ ದಾಟಿ ಬಂದಿದೆ! ಹಾಗಾಗಿ ಅವರ ತವರಿನ ಹಳೇ ಕಂದಾಯ ಕಾಗದದ ಫಾರಂ ಬೇರೆ, ಪದ ಬೇರೆ. ಕೆಲವು ಕಡೆ ಮೋಡಿ ಲಿಪಿ ಕಂಡರೂ ಗಾಬರಿ ಆಗಬೇಡಿ. ಹಿರೇಕೆರೂರು 1997ರಲ್ಲಿ ಹಾವೇರಿ ಜಿಲ್ಲೆಗೆ ಹೋಯ್ತು, ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕ ಆಯ್ತು. ಗ್ರ್ಯಾಂಪ್ಸ್‌ನಲ್ಲಿ ಹಳ್ಳಿಯನ್ನ ಒಂದೇ ಸಲ ಮಾಡಿ, ಇಂಥ ದಿನದವರೆಗೆ ಇದರ ಒಳಗೆ, ಆಮೇಲೆ ಅದರ ಒಳಗೆ ಅಂತ ದಿನಾಂಕದ ಜೊತೆ ಕೊಡಬಹುದು. ಹಳೇ ಕಾಗದ ಯಾವ ಕಚೇರಿಯಲ್ಲಿ ಹುಡುಕಬೇಕು ಅನ್ನೋದು ಇದರಿಂದಲೇ ಹೊಳೆಯುತ್ತೆ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಊರಿಂದ ಎದ್ದು ಬಂದ ಮನೆಗಳಿಗಂತೂ ಇದು ತುಂಬ ಬೇಕು. ಊರು ಇವತ್ತಿನ ನಕಾಶೆಯಲ್ಲೇ ಇಲ್ಲ, ನಿಮ್ಮ ಮರದಲ್ಲಾದರೂ ಇರಲಿ.

ಪ್ರತಿ ಹೆಸರಿಗೂ ಯಾರು ಹೇಳಿದ್ದು, ಯಾವ ಕಾಗದದಲ್ಲಿ ಇದ್ದದ್ದು ಅಂತ ಸೋರ್ಸ್ ಹಾಕಿ. ಪಹಣಿ, ಮ್ಯುಟೇಶನ್, ಶಾಲೆಯ ಟಿಸಿ, ಲಗ್ನಪತ್ರಿಕೆ, ಯಾವುದಾದ್ರೂ ಆಗುತ್ತೆ. ಇಲ್ಲಿ ಫೋನ್ ಕೆಲಸಕ್ಕೆ ಬರುತ್ತೆ: ಕಾಗದದ ಫೋಟೊ ತೆಗೀರಿ, ಅಜ್ಜಿ ಮಾತಾಡೋದನ್ನ ರೆಕಾರ್ಡ್ ಮಾಡಿ. ಅಜ್ಜಿ ಹತ್ರ ಕೇಳೋವಾಗ ನಿಮ್ಮ ಅಣ್ಣತಮ್ಮಂದಿರು ಯಾರು ಅನ್ನಬೇಡಿ, ನಿಮ್ಮಮ್ಮನಿಗೆ ಎಷ್ಟು ಹೆರಿಗೆ ಆಗಿತ್ತು ಅಂತ ಕೇಳಿ. ಸಣ್ಣದರಲ್ಲೇ ತೀರಿಹೋದ ಮಕ್ಕಳು, ದೂರ ಕೊಟ್ಟ ಹೆಣ್ಣುಮಕ್ಕಳು, ಎಲ್ಲರೂ ಆಗ ನೆನಪಿಗೆ ಬರ್ತಾರೆ. ಫೋಟೊ, ಆಡಿಯೊ ಎಲ್ಲ ಲ್ಯಾಪ್‌ಟಾಪ್‌ನ ಒಂದೇ ಫೋಲ್ಡರ್‌ಗೆ ಹಾಕಿ, ಆಮೇಲೆ ಆ ಫೋಲ್ಡರ್ ಮುಟ್ಟಬೇಡಿ. ಯಾಕಂದ್ರೆ ಗ್ರ್ಯಾಂಪ್ಸ್ ಫೋಟೊವನ್ನ ತನ್ನೊಳಗೆ ಇಟ್ಟುಕೊಳ್ಳಲ್ಲ, ಎಲ್ಲಿದೆ ಅನ್ನೋ ದಾರಿ ಮಾತ್ರ ಬರೆದುಕೊಳ್ಳುತ್ತೆ.

ಪ್ರಿಂಟ್ ತೆಗೆಯೋ ಮುಂಚೆ ನಾಲ್ಕೈದು ಹೆಸರಿನ ಚಿಕ್ಕ ಚಾರ್ಟ್ ಮಾಡಿ, ಒತ್ತಕ್ಷರ ಸರಿಯಾಗಿ ಬರ್ತಿದೆಯಾ ನೋಡಿ. ಆ ಪ್ರಿಂಟ್ ನಾಡಕಚೇರಿಯ ಪ್ರಮಾಣಪತ್ರದ ಜಾಗದಲ್ಲಿ ನಡೆಯಲ್ಲ, ಅದಕ್ಕೆ ಕಾನೂನಿನ ಬೆಲೆ ಇಲ್ಲ. ಆದ್ರೆ ಗ್ರಾಮ ಆಡಳಿತ ಅಧಿಕಾರಿ ಕೇಳಿದಾಗ ಮನೆಯವರೆಲ್ಲ ಒಂದೇ ಉತ್ತರ ಕೊಡೋಕೆ, ಅರ್ಜಿ ತುಂಬೋವಾಗ ಯಾರೂ ಬಿಟ್ಟುಹೋಗದ ಹಾಗೆ ನೋಡಿಕೊಳ್ಳೋಕೆ ಅದು ಸಾಕು.

ಕೊನೇದಾಗಿ ಬ್ಯಾಕಪ್. ಎಕ್ಸ್‌ಪೋರ್ಟ್‌ಗೆ ಹೋಗಿ ಫೋಟೊ ಸಮೇತ ಪ್ಯಾಕೇಜ್ ಆಗೋ ಆಯ್ಕೆ ತಗೊಳ್ಳಿ, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇರಲಿ. ಗ್ರ್ಯಾಂಪ್ಸ್‌ನ ಹೊಸ ಆವೃತ್ತಿ ಹಾಕೋ ಮುಂಚೆ ಇದನ್ನ ತಪ್ಪಿಸಬೇಡಿ. ಹೊಸದರಲ್ಲಿ ತೆರೆದ ಮರ ಹಳೇದರಲ್ಲಿ ಮತ್ತೆ ತೆರೆಯದೇ ಹೋಗಬಹುದು. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪ್‌ಗೆ ಕಳಿಸೋ ಪ್ರತಿ ಮಾತ್ರ ಬೇರೆ ಮಾಡಿ: ಎಕ್ಸ್‌ಪೋರ್ಟ್ ಮಾಡೋವಾಗಲೇ ಬದುಕಿರೋರ ವಿವರ ಮರೆಮಾಡೋ ಆಯ್ಕೆ ಇದೆ, ಅದನ್ನ ಆನ್ ಮಾಡಿ ಕಳಿಸಿ.